‘ಶಾಣ್ಯಾ’ ಅನ್ನೂ ಮಾತಿನ ಬಗ್ಗೆ ಪಾಲಕರಿಗೆ ಒಂದು ಪತ್ರ

ಎಲ್ಲಾ ಪಾಲಕರಿಗೂ ನಮಸ್ಕಾರ್ರೀ,

ಶನಿವಾರ ಎಫ್‌ಎ-1 (ವರ್ಷದ ಮೊದಲನೇ ಸಣ್ಣ ಪರೀಕ್ಷಾ) ಮಾರ್ಕ್ಸ್ ಕಾರ್ಡ್ ಮನಿಗೆ ಕಳಸಾಕತ್ತೀವಿ, ಅದಕ್ಕೂ ಮೊದಲ ಒಂದು ವಿನಂತಿ. ಮಾರ್ಕ್ಸ್ ಚೊಲೋ ಬಂದ್ರ "ನಮ್ಮಾಕಿ ಭಾಳ ಶಾಣ್ಯಾಕಿ" ಅಂತ, ಕಡಿಮಿ ಬಂದ್ರ "ಇವನ ತಲಿಗೆ ಗಣಿತ ಹತ್ತಂಗಿಲ್ಲ" ಅಂತ ಮಕ್ಕಳ ಮುಂದ ಅನಬ್ಯಾಡ್ರಿ. ಎರಡೂ ಬ್ಯಾಡ.

ನಾನೂ ಅಂದೀನಿ. ಐದನೇತ್ತಾ ಹುಡುಗಿ ಒಬ್ಬಾಕಿನ್ನ ಪ್ರಾರ್ಥನಾ ಮುಗದ ಮ್ಯಾಲೆ ಎಲ್ಲಾರ ಮುಂದ ನಿಲ್ಲಿಸಿ "ನಮ್ಮ ಸಾಲ್ಯಾಗ ಇಕೀನ ಶಾಣ್ಯಾಕಿ" ಅಂದಿದ್ದೆ. ಹೋದ ವಾರ ಎರಡಂಕಿ ಭಾಗಾಕಾರ ಕೊಟ್ಟು ಬಾಜೂಕ ಹೋಗಿ ನೋಡಿದ್ರ ಎಡಗೈಲೆ ನೋಟ್‌ಬುಕ್ ಮುಚ್ಚಿಕೊಂಡು ಕುಂತಿದ್ಲು, ರಬ್ಬರ್‌ಲೆ ಅಳಿಸಿ ಅಳಿಸಿ ಹಾಳಿ ತೂತ ಬಿದ್ದಿತ್ತು. ಯಾಕವ್ವಾ, ಕೇಳಬಾರದನು ಅಂದೆ. "ಕೇಳಿದ್ರ ಶಾಣ್ಯಾಕಿ ಅಲ್ಲ ಅಂತಾರ್ರೀ ಸರ್" ಅಂದ್ಲು. ಅವತ್ತಿಂದ ನನಗ ಸಮಾಧಾನ ಇಲ್ಲ, ಅದು ನಾನ ಹೊರಿಸಿದ ಭಾರ.

ಅಮೆರಿಕಾದಾಗ ಕ್ಲಾಡಿಯಾ ಮುಲ್ಲರ್, ಕ್ಯಾರಲ್ ಡ್ವೆಕ್ ಅನ್ನೋರು 1998ರಾಗ ಪ್ರಕಟ ಮಾಡಿದ ಅಧ್ಯಯನದಾಗೂ ಐದನೇತ್ತಾ ಮಕ್ಕಳ ಇದ್ರು. ಒಗಟಿನಂಥಾ ಪ್ರಶ್ನಿ ಬಿಡಿಸಿದ ಮ್ಯಾಲೆ ಕೆಲವರಿಗೆ ಶಾಣ್ಯಾ ಇದ್ದಿ ಅಂತ, ಕೆಲವರಿಗೆ ಚೊಲೋ ಶ್ರಮ ಪಟ್ಟಿ ಅಂತ ಹೊಗಳಿದ್ರು. ಬುದ್ಧಿ ಹೊಗಳಿಸಿಕೊಂಡ ಮಕ್ಕಳಾಗ ಹೆಚ್ಚಿನವರು ಆಮ್ಯಾಲೆ ಸರಳ ಇದ್ದದ್ದನ್ನ ಆರಿಸಿಕೊಂಡ್ರು, ಒಮ್ಮೆ ಕಠಿಣದ್ದು ಬಂದು ಸೋತ ಮ್ಯಾಲೆ ಮೊದಲಿನಕಿಂತ ಕಡಿಮಿ ಮಾಡಿದ್ರು, ತಮ್ಮ ಮಾರ್ಕ್ಸ್ ಬ್ಯಾರೆ ಮಕ್ಕಳಿಗೆ ಹೇಳೂ ಮುಂದ ಹೆಚ್ಚಿಗಿ ಮಾಡಿ ಹೇಳಿದವರೂ ಅವರಾಗೇ ಜಾಸ್ತಿ. ಶ್ರಮ ಹೊಗಳಿಸಿಕೊಂಡವರಾಗ ಹೆಚ್ಚಿನವರು ಕಠಿಣ ಇದ್ರೂ ಕಲಿಯಾಕ ಸಿಗೂದನ್ನ ಆರಿಸಿಕೊಂಡ್ರು.

ನಮ್ಮ ಹುಬ್ಬಳ್ಳಿ ಗಂಗೂಬಾಯಿ ಹಾನಗಲ್ ಅವರು ಇಲ್ಲಿಂದ ಕುಂದಗೋಳಕ್ಕ ರೈಲಿನ್ಯಾಗ ಹೋಗಿ ಸವಾಯಿ ಗಂಧರ್ವರ ಹತ್ರ ಸಂಗೀತ ಕಲತ್ರು. ನಾವು ಮಾತ್ರ ದೇವರ ಕೊಟ್ಟ ಕಂಠ ಅಂತೀವಿ, ಆ ರೈಲು ಮರತ ಬಿಡ್ತೀವಿ.

ಹಂಗಂತ ಎಲ್ಲಾದಕ್ಕೂ "ಭಾಳ ಪ್ರಯತ್ನ ಮಾಡಿದಿ" ಅಂದ್ರ ಸಾಕಾಗಂಗಿಲ್ಲ, ಮಕ್ಕಳಿಗೆ ಬಾಯಿಮಾತು ಲಗೂನ ಗೊತ್ತಾಗ್ತೈತಿ. ಮದಲ ಹೆಂಗ ಮಾಡಿದ್ದಿ, ಎಲ್ಲಿ ತಪ್ಪಿತು, ಆಮ್ಯಾಲೆ ಏನ ಬದಲಿ ಮಾಡಿದಿ ಅಂತ ಕೇಳ್ರಿ, ಅವರು ಹೇಳೂದನ್ನ ಪೂರಾ ಕೇಳ್ರಿ. ತಾಸಗಟ್ಲೆ ಕುಂತರೂ ಬರವಲ್ದು ಅಂದ್ರ ನಮ್ಮ ಕಡೆ ಕಳಸ್ರಿ, ಕಲಿಸೂ ರೀತಿ ನಾವು ಬದಲಿ ಮಾಡ್ತೀವಿ. ಅಜ್ಜ, ಅಮ್ಮ, ಕಾಕಾಗೂ ಇದನ್ನ ಓದಿ ಹೇಳ್ರಿ.

ಇನ್ನೊಂದು, ಈ ಸೋಮವಾರದಿಂದ ಗಣಿತದ ನೋಟ್‌ಬುಕ್‌ನಾಗ ರಬ್ಬರ್ ಬಂದ್. ತಪ್ಪಾದ ಲೆಕ್ಕಕ್ಕ ಒಂದು ಗೆರಿ ಹೊಡದು ಬಾಜೂಕ ಮತ್ತ ಮಾಡ್ತಾರ. ನೋಟ್‌ಬುಕ್ ಹೊಲಸ ಕಾಣತೈತಿ ಅಂತ ಬೈಬ್ಯಾಡ್ರಿ.

ನಿಮ್ಮ ಮಕ್ಕಳ ಸಾಲಿಯ
ಮುಖ್ಯೋಪಾಧ್ಯಾಯ, ಹುಬ್ಬಳ್ಳಿ