ಅರಣ್ಯ ಸಚಿವರಿಗೆ ಬಹಿರಂಗ ಪತ್ರ: ಮಾರ್ಚ್‌ನ ಕಾಡ್ಗಿಚ್ಚು ತಪ್ಪಿಸಲು ಜನವರಿಯ ಸಣ್ಣ ಬೆಂಕಿಗೆ ಅನುಮತಿ ಕೊಡಿ

ಮಾನ್ಯ ಅರಣ್ಯ ಸಚಿವರಿಗೆ,

ನಮಸ್ಕಾರ.

2019ರ ಫೆಬ್ರವರಿ ಬೆಂಗಳೂರಿನವರಿಗೆ ಚೆನ್ನಾಗಿ ನೆನಪಿದೆ. ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುತ್ತಿತ್ತು. 23ನೇ ತಾರೀಕು ಪಾರ್ಕಿಂಗ್ ಮೈದಾನದ ಒಣಹುಲ್ಲಿಗೆ ಬೆಂಕಿ ಹತ್ತಿ ಸುಮಾರು 300 ಕಾರುಗಳು ಸುಟ್ಟು ಕರಕಲಾದವು. ಅದೇ ವಾರ ಬಂಡೀಪುರವೂ ಉರಿಯುತ್ತಿತ್ತು. ಗೋಪಾಲಸ್ವಾಮಿ ಬೆಟ್ಟದ ಕಡೆ ಸಾವಿರಾರು ಎಕರೆ ಕಾಡು ಬೂದಿಯಾಯಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿಯಬೇಕಾಯಿತು.

ಎರಡೂ ಕಡೆ ಆಮೇಲೆ ನಡೆದದ್ದು ಒಂದೇ ಚರ್ಚೆ. ಬೀಡಿ ಎಸೆದವರು ಯಾರು, ಕಿಡಿ ಎಲ್ಲಿಂದ ಬಂತು, ಕಿಡಿಗೇಡಿಗಳನ್ನು ಹಿಡಿದರಾ? ಅಷ್ಟೊಂದು ಒಣಹುಲ್ಲು ಅಲ್ಲಿ ಯಾಕೆ ಬಿದ್ದಿತ್ತು ಅಂತ ಕೇಳಿದವರು ತೀರಾ ಕಡಿಮೆ. ಬೇಸಿಗೆಯಲ್ಲಿ ಕಿಡಿ ಎಲ್ಲಿಂದ ಬೇಕಾದರೂ ಬರುತ್ತದೆ. ಕಾಡು ಕಾಯುವ ವಾಚರ್‌ಗಳನ್ನು ಸಾವಿರ ಜನ ಇಟ್ಟರೂ ಎಲ್ಲ ಕಿಡಿ ತಡೆಯೋಕೆ ಆಗೋದಿಲ್ಲ. ಅದು ಬೀಳುವ ಜಾಗದಲ್ಲಿ ಉರಿಯೋಕೆ ಎಷ್ಟು ಸರಕು ಇರಬೇಕು ಅನ್ನೋದು ಮಾತ್ರ ನಮ್ಮ ಕೈಯಲ್ಲಿದೆ.

ಅದಕ್ಕೇ ಈ ಪತ್ರ. ನಮ್ಮ ಎಲೆ ಉದುರಿಸುವ ಒಣ ಕಾಡುಗಳಲ್ಲಿ ಕೆಲವು ಜಾಗಗಳನ್ನು ಆರಿಸಿ. ಇಬ್ಬನಿ ಇರುವ ಡಿಸೆಂಬರ್, ಜನವರಿಯಲ್ಲಿ, ಇಲಾಖೆಯೇ ಮುಂದೆ ನಿಂತು ಸಣ್ಣ ಬೆಂಕಿ ಹಾಕುವ ಪ್ರಯೋಗಕ್ಕೆ ಲಿಖಿತ ಅನುಮತಿ ಕೊಡಿ. ಆ ಕೆಲಸವನ್ನು ಅದು ಗೊತ್ತಿರುವ ಸೋಲಿಗ ಆದಿವಾಸಿಗಳ ಜೊತೆ ಕೂತು ಯೋಜಿಸಿ, ಅವರ ಜೊತೆಯೇ ಮಾಡಿ.

"ಕಾಡು ಉಳಿಸಿ ಅಂತ ಹೇಳೋ ಬದಲು ಬೆಂಕಿ ಹಚ್ಚಿ ಅಂತೀರಲ್ಲ" ಅಂತ ಓದುವವರಿಗೆ ಅನ್ನಿಸಬಹುದು. ಬೆಂಕಿಗೂ ಬೆಂಕಿಗೂ ಎಷ್ಟು ವ್ಯತ್ಯಾಸ ಇದೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಜನವರಿಯಲ್ಲಿ ಬೆಳಿಗ್ಗೆ ಬಿಸಿಲು ಏರುವವರೆಗೂ ಹುಲ್ಲಿನ ಬುಡ ಒದ್ದೆ ಇರುತ್ತದೆ. ಮೇಲಿನ ತರಗೆಲೆ ಮಾತ್ರ ಗರಿಗರಿ. ಅದರ ಕೆಳಗಿನ ಪದರ ಕೈಗೆ ತಣ್ಣಗೆ ಹತ್ತುತ್ತದೆ, ಮಣ್ಣಿನಲ್ಲೂ ಪಸೆ ಇರುತ್ತದೆ. ಆಗ ಗಾಳಿಗೆ ಎದುರಾಗಿ ಹಚ್ಚಿದ ಬೆಂಕಿ ಮೊಣಕಾಲು ಎತ್ತರಕ್ಕೂ ಏಳುವುದು ಕಷ್ಟ. ನಿಧಾನವಾಗಿ ತೆವಳುತ್ತದೆ. ಪಕ್ಕದಲ್ಲೇ ನಡೆದುಕೊಂಡು ಹೋಗಬಹುದು. ಹಸಿ ಸೊಪ್ಪಿನ ಕೊಂಬೆಯಲ್ಲಿ ಬಡಿದರೆ ಆರುತ್ತದೆ, ಒದ್ದೆ ಹಳ್ಳ ಸಿಕ್ಕರೆ ತಾನೇ ನಿಲ್ಲುತ್ತದೆ. ಒಂದು ಕಡೆ ಸುಟ್ಟಿರುತ್ತದೆ, ಇನ್ನೊಂದು ಕಡೆ ಹಸಿರು ಹಾಗೇ ಉಳಿದಿರುತ್ತದೆ. ದೊಡ್ಡ ಮರದ ತೊಗಟೆ ಬುಡದಲ್ಲಿ ಕಪ್ಪಾಗುತ್ತದೆ, ಒಳಗಿನ ಜೀವಕ್ಕೆ ಏನೂ ಆಗಿರುವುದಿಲ್ಲ. ಸಂಜೆ ತಂಪಾಗುತ್ತಲೇ ಬೆಂಕಿಯೂ ಸಾಯುತ್ತದೆ.

ಮಾರ್ಚ್ ಮಧ್ಯಾಹ್ನದ ಕಥೆಯೇ ಬೇರೆ. ಬುಡದಿಂದ ತುದಿಯವರೆಗೆ ಎಲ್ಲ ಒಣಗಿರುತ್ತದೆ. ಗಾಳಿ ಯಾವ ಗಳಿಗೆಯಲ್ಲಿ ತಿರುಗುತ್ತದೋ ಗೊತ್ತಾಗೋದಿಲ್ಲ. ಹೂ ಬಿಟ್ಟು ಸತ್ತ ಬಿದಿರಿನ ಮೆಳೆ ಹತ್ತಿಕೊಂಡರೆ ಕಿಡಿಗಳು, ಬೆಂಕಿ ಹರಡದಂತೆ ಹುಲ್ಲು ತೆಗೆದು ಮಾಡಿದ ಖಾಲಿ ಪಟ್ಟಿಯನ್ನೇ, ಅಂದರೆ ಬೆಂಕಿ ರೇಖೆಯನ್ನೇ ದಾಟಿ ಆಚೆ ಹೋಗಿ ಬೀಳುತ್ತವೆ. ಎಲ್ಲದಕ್ಕಿಂತ ಕೆಟ್ಟದ್ದು ಲಂಟಾನ. ಅಲಂಕಾರಕ್ಕೆ ಅಂತ ಸುಮಾರು 200 ವರ್ಷಗಳ ಹಿಂದೆ ಹೊರಗಿನಿಂದ ತಂದ ಗಿಡ. 2020ರ ಒಂದು ಅಧ್ಯಯನದ ಪ್ರಕಾರ ಭಾರತದ ಹುಲಿ ಕಾಡುಗಳಲ್ಲಿ ಸುಮಾರು 40%ರಷ್ಟು ಪ್ರದೇಶಕ್ಕೆ ಅದು ಹಬ್ಬಿದೆ. ಆಳೆತ್ತರ ಬೆಳೆದು ಮರದ ಕೊಂಬೆಗಳಿಗೆ ಒರಗಿ ನಿಂತ ಲಂಟಾನ ಬೆಂಕಿಗೆ ಏಣಿ ಇಟ್ಟ ಹಾಗೆ. ನೆಲದಲ್ಲಿ ಹೋಗಬೇಕಾದ ಬೆಂಕಿ ಅದನ್ನು ಹತ್ತಿ ಮರದ ನೆತ್ತಿಗೆ ಹೋಗುತ್ತದೆ. ಅಂಥ ಬೆಂಕಿಯ ಎದುರು ಹಸಿ ಸೊಪ್ಪು ಹಿಡಿದು ನಿಂತ ವಾಚರ್ ಏನು ಮಾಡಬೇಕು? 2017ರಲ್ಲಿ ಬಂಡೀಪುರದಲ್ಲಿ ಒಬ್ಬ ಅರಣ್ಯ ರಕ್ಷಕರು, 2023ರಲ್ಲಿ ಸಕಲೇಶಪುರದ ಕಾಡಿನಲ್ಲಿ ಇನ್ನೊಬ್ಬರು ಬೆಂಕಿ ನಂದಿಸಲು ಹೋಗಿ ಪ್ರಾಣ ಬಿಟ್ಟರು. ಇನ್ನೆಷ್ಟು ಜನರನ್ನು ಹೀಗೆ ಕಳಿಸೋಣ?

ನಮ್ಮ ರಾಜ್ಯದಲ್ಲೇ ಈ ವಿಷಯ ತಿಳಿದವರು ಇದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗು ಬೆಂಕಿ ಹಾಕುತ್ತಿದ್ದರು. ಬೇಸಿಗೆ ಏರುವ ಮೊದಲೇ ಉದುರಿದ ಎಲೆ, ಒಣಹುಲ್ಲನ್ನು ಸುಡುವ ಸಣ್ಣ ಬೆಂಕಿ ಅದು. 1974ರಲ್ಲಿ ಆ ಬೆಟ್ಟ ಅಭಯಾರಣ್ಯವಾಯಿತು, ಬೆಂಕಿ ಹಾಕುವುದು ಅಪರಾಧವಾಯಿತು. ಆಮೇಲೆ ಏನಾಯಿತು ಅಂತ ಸೋಲಿಗರ ಯಾವ ಪೋಡಿಗೆ (ಹಾಡಿಗೆ) ಹೋದರೂ ಹಿರಿಯರು ಹೇಳುತ್ತಾರೆ. ತರಗು ಬೆಂಕಿ ನಿಂತಿತು, ಲಂಟಾನ ನುಗ್ಗಿತು. ನೆಲ್ಲಿ ಮರಗಳ ಮೇಲೆ ಉಪ್ಪಿಲು ಜಾಸ್ತಿಯಾಯಿತು. ಈ ಬಂದಳಿಕೆ ಮರದ ರಸ ಹೀರಿ ಕೊಂಬೆಗಳನ್ನೇ ಒಣಗಿಸುತ್ತದೆ. ಮೊದಲು ವರ್ಷವರ್ಷದ ಸಣ್ಣ ಬೆಂಕಿ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿತ್ತು ಅನ್ನುವುದು ಸೋಲಿಗರ ಅನುಭವ. ನಮ್ಮ ಜಕ್ಕೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರು ವರ್ಷಗಟ್ಟಲೆ ಆ ಬೆಟ್ಟದಲ್ಲಿ ಕೆಲಸ ಮಾಡಿ ಈ ಮಾತುಗಳನ್ನು ದಾಖಲಿಸಿದ್ದಾರೆ, ಲಂಟಾನ ಹೇಗೆ ಹಬ್ಬಿತು ಅಂತ ಅಳೆದಿದ್ದಾರೆ. 2011ರಲ್ಲಿ ಅದೇ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಸಮುದಾಯ ಹಕ್ಕುಗಳಿಗೂ ಮಾನ್ಯತೆ ಸಿಕ್ಕಿತು. ಹಕ್ಕು ಕಾಗದದ ಮೇಲಿದೆ. ಕಾಡನ್ನು ಹೇಗೆ ನೋಡಿಕೊಳ್ಳಬೇಕು ಅನ್ನುವ ಅವರ ತಿಳಿವಳಿಕೆಗೆ ಮಾತ್ರ ಇನ್ನೂ ಜಾಗ ಸಿಕ್ಕಿಲ್ಲ. ಬೆಂಕಿ ಬಿದ್ದ ದಿನ ಅದನ್ನು ಆರಿಸಲು ದಿನಗೂಲಿಗೆ ಕರೆಯುವುದು ಅವರನ್ನೇ. ಬೆಂಕಿ ಬೀಳದ ಹಾಗೆ ನೋಡಿಕೊಳ್ಳುವುದು ಹೇಗೆ ಅಂತ ಕೇಳುವಾಗ ಅವರನ್ನು ಹೊರಗಿಡುತ್ತೇವೆ. ಇದು ನನಗೆ ತುಂಬಾ ನೋವು ಕೊಡುವ ವಿಷಯ.

ಕಾನೂನು ಬಿಡೋದಿಲ್ಲ ಅನ್ನುವ ಉತ್ತರ ಬರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಸೆಕ್ಷನ್ ಹೇಳುವುದು, ಅಭಯಾರಣ್ಯಕ್ಕೆ ಅಪಾಯ ಆಗುವ ರೀತಿಯಲ್ಲಿ ಯಾರೂ ಬೆಂಕಿ ಹಚ್ಚಬಾರದು ಅಂತ. 33ನೇ ಸೆಕ್ಷನ್ ಅಭಯಾರಣ್ಯದ ನಿರ್ವಹಣೆಯ ಅಧಿಕಾರವನ್ನು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಕೊಡುತ್ತದೆ. ಇಲಾಖೆ ಪ್ರತಿ ವರ್ಷ ಬೆಂಕಿ ರೇಖೆ ಮಾಡುವಾಗ ಹುಲ್ಲು ಕಡಿದು, ಒಣಗಿಸಿ, ಕಾಡಿನೊಳಗೇ ಸುಡುತ್ತದೆ, ಅಲ್ವಾ? ಆ ಕೆಲಸಕ್ಕೆ ಯಾವ ಕಾನೂನೂ ಅಡ್ಡ ಬಂದಿಲ್ಲ. ಇನ್ನೂ ಸಂಶಯ ಇದ್ದರೆ ಅಡ್ವೊಕೇಟ್ ಜನರಲ್ ಅವರ ಅಭಿಪ್ರಾಯ ಕೇಳಿ, ಅದನ್ನು ಪ್ರಕಟಿಸಿ.

ಅಮೆರಿಕದವರು ಇದೇ ತಪ್ಪನ್ನು ದೊಡ್ಡದಾಗಿ ಮಾಡಿದರು. 1935ರಲ್ಲಿ ಅಲ್ಲಿನ ಅರಣ್ಯ ಇಲಾಖೆ ಒಂದು ನಿಯಮ ತಂದಿತು. ಎಲ್ಲೇ ಬೆಂಕಿ ಕಂಡರೂ ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಆರಿಸಬೇಕು. ದಶಕಗಳ ಕಾಲ ಆರಿಸಿದರು. ಒಣ ಸರಕು ಕಾಡಿನಲ್ಲಿ ಪೇರಿಕೊಳ್ಳುತ್ತಾ ಹೋಯಿತು, ಬೆಂಕಿಗಳೂ ದೊಡ್ಡದಾಗುತ್ತಾ ಹೋದವು. 1970ರ ದಶಕದಲ್ಲಿ ಆ ನಿಯಮ ಕೈಬಿಟ್ಟರು. ಫ್ಲೋರಿಡಾ ರಾಜ್ಯ 1990ರಲ್ಲಿ ಕಾನೂನು ಮಾಡಿ, ತರಬೇತಿ ಪಡೆದು ನಿಯಮದ ಪ್ರಕಾರ ಬೆಂಕಿ ಹಾಕುವವರಿಗೆ ರಕ್ಷಣೆ ಕೊಟ್ಟಿತು. ಉತ್ತರ ಆಸ್ಟ್ರೇಲಿಯಾದ ಅರ್ನ್‌ಹೆಮ್ ಲ್ಯಾಂಡ್‌ನಲ್ಲಿ ಮೂಲನಿವಾಸಿ ರೇಂಜರ್‌ಗಳು ಒಣಗಾಲದ ಶುರುವಿನಲ್ಲೇ ಸಣ್ಣ ಬೆಂಕಿ ಹಾಕಿ, ಒಣಗಾಲದ ಕೊನೆಯಲ್ಲಿ ಬೀಳುವ ದೊಡ್ಡ ಬೆಂಕಿಗಳನ್ನು ತಗ್ಗಿಸುತ್ತಾರೆ, ಆ ಕೆಲಸಕ್ಕೆ ಅವರಿಗೆ ಹಣವೂ ಬರುತ್ತದೆ.

ಇದರಲ್ಲಿ ಅಪಾಯ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 2022ರಲ್ಲಿ ನ್ಯೂ ಮೆಕ್ಸಿಕೋದಲ್ಲಿ ಇಲಾಖೆಯೇ ಹಾಕಿದ ಬೆಂಕಿ ಕೈತಪ್ಪಿ, ಆ ರಾಜ್ಯದ ಇತಿಹಾಸದಲ್ಲೇ ಅತಿ ದೊಡ್ಡ ಕಾಡ್ಗಿಚ್ಚಾಯಿತು. 3 ಲಕ್ಷ ಎಕರೆಗೂ ಮೀರಿ ಸುಟ್ಟಿತು, ಜನ ಮನೆ ಕಳೆದುಕೊಂಡರು. ಕಾಡು ಎಷ್ಟು ಒಣಗಿದೆ ಅಂತ ಅಂದಾಜು ಮಾಡುವುದರಲ್ಲೇ ಎಡವಿದ್ದರು ಅಂತ ಆಮೇಲಿನ ತನಿಖೆ ಹೇಳಿತು. ಅಷ್ಟು ಹಣ, ಅಷ್ಟು ಉಪಕರಣ ಇದ್ದ ಕಡೆಯೇ ಹೀಗಾಯಿತು. ಆದ್ದರಿಂದ ನಾವು ಚಿಕ್ಕದಾಗಿ ಶುರು ಮಾಡಬೇಕು. ತೇವ, ಗಾಳಿ, ಇಬ್ಬನಿ ಇವುಗಳನ್ನು ಅವತ್ತು ಬೆಳಿಗ್ಗೆ ಅಲ್ಲೇ ಅಳೆಯಬೇಕು. ಸ್ವಲ್ಪ ಅನುಮಾನ ಬಂದರೂ ಅವತ್ತಿನ ಕೆಲಸ ನಿಲ್ಲಬೇಕು, ಟಾರ್ಗೆಟ್ ಮುಗಿಸುವ ಒತ್ತಡ ಯಾರ ಮೇಲೂ ಇರಬಾರದು.

ಎಲ್ಲ ಕಾಡಿಗೂ ಇದು ಸಲ್ಲುವುದಿಲ್ಲ ಅನ್ನುವುದನ್ನಂತೂ ಆದೇಶದ ಮೊದಲ ಸಾಲಿನಲ್ಲೇ ಬರೆಯಿರಿ. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿಗೆ, ಎತ್ತರದ ಬೆಟ್ಟಗಳ ಕಣಿವೆಯಲ್ಲಿರುವ ಶೋಲಾ ಕಾಡುಗಳಿಗೆ ಬೆಂಕಿ ಬೀಳಲೇಬಾರದು. ಅಲ್ಲಿನ ಮರಗಳ ತೊಗಟೆ ತೆಳು, ಬೆಂಕಿ ಅವುಗಳಿಗೆ ಅಭ್ಯಾಸವಿಲ್ಲ. ಒಣ ಕಾಡಿನಲ್ಲೂ ಒಂದೇ ಜಾಗ ಮತ್ತೆ ಮತ್ತೆ ಸುಟ್ಟರೆ ಎಳೆ ಸಸಿಗಳು ಬದುಕುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಿಂದ ತಮಿಳುನಾಡಿನ ಮುದುಮಲೈ ಕಾಡಿನಲ್ಲಿ 50 ಹೆಕ್ಟೇರ್ ಜಾಗದ ಮರಗಳನ್ನು ಒಂದೊಂದಾಗಿ ಲೆಕ್ಕ ಇಡುತ್ತಾ ಬಂದಿದ್ದಾರೆ. ಬೆಂಕಿ ಬಿದ್ದಾಗ ಏನೇನಾಗುತ್ತದೆ ಅಂತ ಅವರಷ್ಟು ಚೆನ್ನಾಗಿ ಹೇಳಬಲ್ಲವರು ಕಡಿಮೆ. ಎಷ್ಟು ವರ್ಷಕ್ಕೊಮ್ಮೆ, ಎಷ್ಟು ಜಾಗ ಅನ್ನುವುದನ್ನು ಅವರೂ ಸೋಲಿಗರೂ ಒಂದೇ ಮೇಜಿನಲ್ಲಿ ಕೂತು ತೀರ್ಮಾನಿಸಲಿ. ಇನ್ನೊಂದು ಮಾತು. ಲಂಟಾನ ನಿಂತಿರುವ ಜಾಗಕ್ಕೆ ಸುಮ್ನೆ ಬೆಂಕಿ ಹಾಕಿದರೆ ಅನಾಹುತ. ಸುಟ್ಟರೂ ಅದು ಬುಡದಿಂದ ಮತ್ತೆ ಚಿಗುರುತ್ತದೆ. ಮೊದಲು ಬೇರು ಸಮೇತ ಕೀಳಬೇಕು, ಬೆಂಕಿಯ ಮಾತು ಆಮೇಲೆ. ಕಿತ್ತ ಕಡ್ಡಿಗೆ ಬೆಲೆಯೂ ಇದೆ. 2024ರಲ್ಲಿ ಲಾಲ್‌ಬಾಗ್‌ನಲ್ಲಿ ನಿಂತಿದ್ದ ಆನೆಗಳನ್ನು ಬೆಂಗಳೂರಿನವರು ಸಾಲುಗಟ್ಟಿ ನೋಡಿದರಲ್ಲ, ಅವನ್ನು ನೀಲಗಿರಿಯ ಆದಿವಾಸಿಗಳು ಮಾಡಿದ್ದು ಲಂಟಾನ ಕಡ್ಡಿಯಲ್ಲಿ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಇದರಲ್ಲಿ ಕುರ್ಚಿ, ಮೇಜು ಮಾಡುತ್ತಾರೆ.

ಬೆಂಗಳೂರಿನಲ್ಲಿ ಕೂತವರಿಗೆ ಇದೆಲ್ಲ ಯಾಕೆ ಅಂತ ಕೇಳುವವರಿಗೆ ಹೇಳುವುದಿಷ್ಟು. ಬಂಡೀಪುರ, ನಾಗರಹೊಳೆಯ ನಡುವೆ ಹರಿಯುವ ಕಬಿನಿ ತಿ. ನರಸೀಪುರದಲ್ಲಿ ಕಾವೇರಿ ಸೇರುತ್ತದೆ. ಆ ನೀರೇ ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ನಮ್ಮ ಮನೆ ನಲ್ಲಿಗೆ ಬರುತ್ತದೆ. ಮಾರ್ಚ್‌ನಲ್ಲಿ ಬೋಳಾಗಿ ಸುಟ್ಟ ಗುಡ್ಡದ ಮೇಲೆ ಮೊದಲ ಮಳೆ ಬಿದ್ದರೆ ಬೂದಿ, ಮಣ್ಣು ಎಲ್ಲ ಕೊಚ್ಚಿಕೊಂಡು ಹಳ್ಳಕ್ಕೆ ಇಳಿಯುತ್ತದೆ. ಇನ್ನು ಬನ್ನೇರುಘಟ್ಟ ನಮ್ಮ ಊರಿನ ಅಂಚಿನಲ್ಲೇ ಇದೆ. ಸುಮಾರು 260 ಚದರ ಕಿಲೋಮೀಟರ್‌ನ ಕಾಡು, ಬಹುಪಾಲು ಒಣ ಕಾಡು, ಕುರುಚಲು. ಕನಕಪುರ ರಸ್ತೆಯ ಕಡೆ ಮನೆ ಇರುವ ನಮಗೆ ಬೇಸಿಗೆಯ ರಾತ್ರಿ ಗುಡ್ಡದ ಮೇಲೆ ಉರಿಯ ಗೆರೆ ಕಾಣುವುದು ಹೊಸದಲ್ಲ. ಇದೇ ಕಡೆಯ ತುರಹಳ್ಳಿ ಕಾಡಿನಲ್ಲಿ ಮಾರ್ಚ್ ಹೊತ್ತಿಗೆ ಸೊಂಟದೆತ್ತರದ ಒಣಹುಲ್ಲು, ಅದರ ನಡುವೆ ಬಾಟಲಿ, ಸಿಗರೇಟಿನ ತುಂಡು, ಕಾಂಪೌಂಡಿನ ಆಚೆ ಅಪಾರ್ಟ್‌ಮೆಂಟ್. ಅಂಥ ಕಡೆ ಬೆಂಕಿ ಹಾಕುವುದು ಸರಿಯೋ, ಹುಲ್ಲು ಕೊಯ್ದು ಹತ್ತಿರದ ಹಳ್ಳಿಯ ದನಗಳಿಗೆ ಕೊಡುವುದು ಸರಿಯೋ? ತುರಹಳ್ಳಿಗೆ ಕೊಯ್ಯುವುದೇ ಸರಿ ಅಂತ ನನ್ನ ಅಭಿಪ್ರಾಯ. ಬನ್ನೇರುಘಟ್ಟದ ಒಳಭಾಗದ ಒಂದು ಸಣ್ಣ ಬ್ಲಾಕ್‌ನಲ್ಲಿ ಮಾತ್ರ ಚಳಿಗಾಲದ ಬೆಂಕಿಯನ್ನು ಪ್ರಯತ್ನಿಸಬಹುದು. ಅವತ್ತು ಒಂದಿಷ್ಟು ಹೊಗೆ ಊರಿನ ಕಡೆ ಬರಬಹುದು. ಮೊದಲೇ ತಿಳಿಸಿದರೆ ಜನ ಅರ್ಥ ಮಾಡಿಕೊಳ್ಳುತ್ತಾರೆ. ಕೆಮ್ಮು, ದಮ್ಮು ಇರುವವರು ಅವತ್ತು ಕಿಟಕಿ ಮುಚ್ಚಿಕೊಂಡು ಒಳಗಿರಬಹುದು. ಮಾರ್ಚ್‌ನ ಹೊಗೆಯಾದರೆ ಹೇಳದೆ ಬರುತ್ತದೆ, ದಿನಗಟ್ಟಲೆ ನಿಲ್ಲುತ್ತದೆ.

ನಿಮ್ಮ ಸಿಬ್ಬಂದಿಯ ಬಗ್ಗೆಯೂ ಒಂದು ಮಾತು. ಬೆಂಕಿ ಬಿದ್ದರೆ ಮೊದಲ ಪ್ರಶ್ನೆ ಬರುವುದು ಗಾರ್ಡ್ ಮೇಲೆ, ವಲಯ ಅರಣ್ಯಾಧಿಕಾರಿ (ಆರ್‌ಎಫ್‌ಒ) ಮೇಲೆ. ಹೀಗಿರುವಾಗ ಯಾವ ಅಧಿಕಾರಿ ತಾನಾಗಿ ಮುಂದೆ ಬಂದು ಬೆಂಕಿ ಹಾಕುತ್ತಾರೆ? ನಿಯಮದ ಪ್ರಕಾರ ಕೆಲಸ ಮಾಡಿದವರನ್ನು ಸಸ್ಪೆಂಡ್ ಮಾಡುವುದಿಲ್ಲ ಅಂತ ಬರವಣಿಗೆಯಲ್ಲಿ ಭರವಸೆ ಕೊಡಿ. ವಾಚರ್‌ಗಳಿಗೆ ಒಳ್ಳೆಯ ಬೂಟು, ಬೆಂಕಿ ತಡೆಯುವ ಬಟ್ಟೆ, ವಿಮೆ ಕೊಡಿ. ಕೂಲಿ ಆಯಾ ತಿಂಗಳೇ ಕೈ ಸೇರಲಿ.

ಸಮಯ ಕಡಿಮೆ ಇದೆ. ಚಳಿಗಾಲದಲ್ಲಿ ಬೆಂಕಿ ಹಾಕಬೇಕಾದರೆ ಜಾಗ ಗುರುತಿಸುವುದು, ಲಂಟಾನ ಕೀಳುವುದು, ಸುತ್ತ ರೇಖೆ ಕಡಿಯುವುದು ಎಲ್ಲ ದೀಪಾವಳಿಯ ಹೊತ್ತಿಗೆ ಶುರುವಾಗಬೇಕು. ಅದಕ್ಕೂ ಮೊದಲು ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ, ಬನ್ನೇರುಘಟ್ಟದ ಅಂಚಿನ ಹಳ್ಳಿಗಳಲ್ಲಿ ಗ್ರಾಮಸಭೆ ಕರೆದು ಜನರ ಒಪ್ಪಿಗೆ ಪಡೆಯಬೇಕು. ಮೂರು ವರ್ಷ ಪ್ರಯೋಗ ನಡೆಸಿ. ಬೆಂಕಿ ಹಾಕಿದ ಜಾಗ, ಹಾಕದ ಜಾಗ ಎರಡರಲ್ಲೂ ಸಸಿ, ಹುಲ್ಲು, ಲಂಟಾನ ಎಷ್ಟಿದೆ ಅಂತ ಪ್ರತಿ ವರ್ಷ ಲೆಕ್ಕ ಹಾಕಿಸಿ, ಕನ್ನಡದಲ್ಲಿ ಪ್ರಕಟಿಸಿ. ಫಲಿತಾಂಶ ಕೆಟ್ಟದಾಗಿ ಬಂದರೆ ನಿಲ್ಲಿಸಿ. ಆಗ ನಿಲ್ಲಿಸಿ ಅಂತ ಪತ್ರ ಬರೆಯುವವರಲ್ಲಿ ನಾನೂ ಇರುತ್ತೇನೆ.

ಮಲ್ಲೇಶ್ವರದ ಅರಣ್ಯ ಭವನದಲ್ಲಿ ಈ ಬಗ್ಗೆ ಒಂದು ಸಭೆ ಕರೆಯಿರಿ. ಸೋಲಿಗ ಹಿರಿಯರಿಗೆ ಅಲ್ಲಿ ಮೊದಲು ಮಾತಾಡಲು ಬಿಡಿ. ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕನಕಪುರ ರಸ್ತೆಯ ಒಬ್ಬ ನಿವಾಸಿ
ಬೆಂಗಳೂರು