ಮಗಳಿಗೊಂದು ಪತ್ರ: ಸಾಲಕ್ಕೆ ತಾರೀಖಿದೆ, ಸಂಪಾದನೆಗಿಲ್ಲ

ಪುಟ್ಟಿ,

ನೀನು ಹಾಕಿದ ನಲವತ್ತು ಸಾವಿರ ಬಂತು. ಅದನ್ನು ವಾಪಸ್ ನಿನ್ನ ಖಾತೆಗೇ ಹಾಕಿದ್ದೇನೆ. ಕೋಪ ಮಾಡಿಕೊಳ್ಳಬೇಡ. ಫೋನಲ್ಲಿ ಹೇಳಿದರೆ ನೀನು ವಾದಕ್ಕೆ ನಿಲ್ಲುತ್ತೀಯ, ನಾನು ಸೋಲುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಆಷಾಢ ಬೇರೆ. ತಿಪಟೂರಿನಲ್ಲಿ ಮದುವೆ ಫೋಟೋ ತೆಗೆಯುವವನಿಗೆ ಈಗ ಬೇಕಾದಷ್ಟು ಬಿಡುವು.

'ಕೆಲಸ ಬಿಟ್ಟು ಸ್ವಂತವಾಗಿ ವಿಡಿಯೊ ಎಡಿಟಿಂಗ್ ಮಾಡ್ತೀನಿ, ಅದಕ್ಕೂ ಮುಂಚೆ ನಿಮ್ಮ ಸಾಲ ತೀರಿಸಿಬಿಡೋಣ' ಅಂದೆಯಲ್ಲ. ಆಸೆ ಒಳ್ಳೆಯದೇ, ಲೆಕ್ಕ ಮಾತ್ರ ಉಲ್ಟಾ. ತಿಂಗಳ ಸಂಬಳ ಬಿಡಲು ಹೊರಟವಳು ಕೈಯಲ್ಲಿರುವ ದುಡ್ಡನ್ನು ಅಪ್ಪನ ಸಾಲಕ್ಕೆ ಸುರಿಯಬಾರದು. ನಮಗೆ ಈಗ ಉಳಿದಿರುವುದು ಎರಡೇ. ಸೊಸೈಟಿ ಸಾಲದ ಬಾಕಿ, ಮತ್ತೆ ಅಮ್ಮನ ಸರದ ಮೇಲೆ ತಂದದ್ದು. ಎರಡೂ ಎಲ್ಲಿಗೆ ಬಂದು ನಿಂತಿವೆ ಅಂತ ನಮಗೆ ಗೊತ್ತು. ನಿನ್ನ ದುಡ್ಡು ಬಂದರೆ ಅವು ಆರು ತಿಂಗಳು ಮುಂಚೆ ತೀರಬಹುದು. ಆದರೆ ಮೊದಲ ಕ್ಲೈಂಟ್ ದುಡ್ಡು ತಡ ಮಾಡಿದ ತಿಂಗಳು ನೀನು ಬೆಂಗಳೂರಿನಲ್ಲಿ ಹೊಸ ಸಾಲ ಮಾಡುತ್ತೀಯ, ಅದೂ ನಮ್ಮದಕ್ಕಿಂತ ಜಾಸ್ತಿ ಬಡ್ಡಿಗೆ.

ನಮ್ಮಂಥವರ ಕಷ್ಟ ದುಡ್ಡು ಕಮ್ಮಿ ಅನ್ನುವುದಲ್ಲ. ಒಳ್ಳೆಯ ವರ್ಷದಲ್ಲಿ ನನ್ನ ಸಂಪಾದನೆ ಆಫೀಸಿಗೆ ಹೋಗುವ ಎಷ್ಟೋ ಜನರಿಗಿಂತ ಜಾಸ್ತಿಯೇ ಇತ್ತು. ಆದರೆ ಸಾಲದ ಕಂತಿಗೆ ತಾರೀಖಿದೆ, ನನ್ನ ದುಡಿಮೆಗೆ ತಾರೀಖಿಲ್ಲ. ಬ್ಯಾಂಕಿನವರು ಕಂತನ್ನು ತಿಂಗಳ ಐದಕ್ಕೆ ಇಡುತ್ತಾರೆ, ಯಾಕೆಂದರೆ ಸಂಬಳ ಒಂದನೇ ತಾರೀಖಿಗೆ ಬರುತ್ತದೆ ಅಂತ ಅವರ ಲೆಕ್ಕ. ನನಗೆ ದುಡ್ಡು ಬರುವುದು ಮುಹೂರ್ತ ಇದ್ದಾಗ. ಆಷಾಢದಲ್ಲಿ ಮದುವೆ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ನೋಡಿದೆಯಲ್ಲ, 2024ರ ಮೇ, ಜೂನ್‌ನಲ್ಲಿ ಗುರುವೂ ಅಸ್ತ, ಶುಕ್ರನೂ ಅಸ್ತ ಅಂತ ಪಂಚಾಂಗದವರು ಮುಹೂರ್ತವನ್ನೇ ಕೊಡಲಿಲ್ಲ. ಸೀಸನ್ನಿನ ನಡುವೆಯೇ ಆಷಾಢ ಬಂದ ಹಾಗಾಯಿತು. ಶುಕ್ರ ಅಸ್ತ, ಕಂತು ಒಂದು ತಿಂಗಳು ತಡ ಆಗುತ್ತೆ ಸಾರ್ ಅಂದರೆ ಯಾವ ಮ್ಯಾನೇಜರೂ ಕೇಳುವುದಿಲ್ಲ.

ಇದರ ಜೊತೆಗೆ ನಿಮ್ಮಮ್ಮನ ಟೈಲರಿಂಗ್. ಮನೆಯಲ್ಲಿ ಎರಡು ದುಡಿಮೆ ಇದೆ, ಒಂದು ಕೈಕೊಟ್ಟರೆ ಇನ್ನೊಂದು ಇರುತ್ತೆ ಅಂತ ನೋಡಿದವರಿಗೆ ಅನಿಸುತ್ತಿತ್ತು. ಆದರೆ ಅವಳು ಹೊಲಿಯುತ್ತಿದ್ದದ್ದು ಏನು? ಮದುವೆ ರವಿಕೆ, ಸೀರೆ ಕುಚ್ಚು. ಮದುವೆ ಇದ್ದಾಗ ಇಬ್ಬರಿಗೂ ನಿದ್ದೆ ಇಲ್ಲ, ಇಲ್ಲದಾಗ ಇಬ್ಬರಿಗೂ ಕೆಲಸ ಇಲ್ಲ. ಅವಳು ಸ್ಕೂಲ್ ಯೂನಿಫಾರಂ ಹೊಲಿಯಲು ಶುರು ಮಾಡಿದ್ದು ಅದಕ್ಕೇ. ರವಿಕೆಯಲ್ಲಿ ಸಿಗುವ ಲಾಭ ಅದರಲ್ಲಿ ಇಲ್ಲ, ಕೆಲಸವೂ ಬೇಜಾರು, ಅದೇ ಚೆಕ್ಸ್, ಅದೇ ಕಾಲರ್. ಆದರೆ ಶಾಲೆ ಶುರುವಾಗುವುದು ಮೇ ಕೊನೆಗೆ, ಹೊಲಿಗೆಯ ದುಡ್ಡು ಬರುವುದು ಸರಿಯಾಗಿ ನನ್ನ ಆಷಾಢಕ್ಕೆ. ನೀನೂ ಕ್ಲೈಂಟ್ ಹುಡುಕುವಾಗ ಇದನ್ನು ನೋಡು. ಐದು ಕ್ಲೈಂಟ್ ಇದ್ದು, ಐದೂ ಮದುವೆ ವಿಡಿಯೊದವರೇ ಆದರೆ ನಿನಗಿರುವುದು ಒಂದೇ ಕ್ಲೈಂಟ್.

ಇನ್ನು ಕೊಬ್ಬರಿ. ನೀನು ನಗುತ್ತೀಯ, ಆದರೆ ನನ್ನ ಆಲ್ಬಂ ಬಾಕಿಗೂ ಎಪಿಎಂಸಿ ಮಾರುಕಟ್ಟೆಯ ಕೊಬ್ಬರಿ ರೇಟಿಗೂ ನೇರ ಸಂಬಂಧ. 'ಕೊಬ್ಬರಿ ಬಿಟ್ಟ ಮೇಲೆ ಕೊಡ್ತೀವಿ ಅಣ್ಣ' ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ಇತ್ತು, ಮಾರುಕಟ್ಟೆಯಲ್ಲಿ ಅಷ್ಟೂ ಸಿಗದೆ ರೈತರು ಬೀದಿಗಿಳಿದರು. ಆ ವರ್ಷದ ಆಲ್ಬಂಗಳು ನಮ್ಮ ಅಟ್ಟದ ಮೇಲೆ ಸಾಲಾಗಿ ಕೂತಿದ್ದವು. 2025ರಲ್ಲಿ ರೇಟು 20,000 ದಾಟಿತು ನೋಡು, ಎರಡು ವರ್ಷದ ಹಿಂದೆ ಮದುವೆಯಾದವರು ಮಗೂನ ಎತ್ತಿಕೊಂಡು ಬಂದು ಆಲ್ಬಂ ಬಿಡಿಸಿಕೊಂಡು ಹೋದರು. ಸೊಸೈಟಿ ಸಾಲ ಇಷ್ಟು ಇಳಿದದ್ದು ಆ ದುಡ್ಡಿನಿಂದ.

ಈಗ ಸಾಲದ ಕಥೆ. ನಿನಗೆ ಅರ್ಧ ಗೊತ್ತು. 2019ರ ದೀಪಾವಳಿಯಲ್ಲಿ ಕ್ಯಾಮೆರಾ, ಎರಡು ಲೆನ್ಸ್, ಡ್ರೋನ್ ಎಲ್ಲ ಸೇರಿ ನಾಲ್ಕು ಲಕ್ಷ ಸಾಲ ತೆಗೆದೆ. ಆಗ ಕ್ಯಾಂಡಿಡ್, ಅಂದರೆ ಪೋಸ್ ಕೊಡಿಸದೆ ತೆಗೆಯುವ ಫೋಟೋ ಇಲ್ಲದೆ ಯಾರೂ ಆರ್ಡರ್ ಕೊಡುತ್ತಿರಲಿಲ್ಲ, ಹಳೇ ಕ್ಯಾಮೆರಾ ಹಿಡಿದು ಹೋದರೆ ನಾಮಕರಣಕ್ಕೂ ಕರೆಯುತ್ತಿರಲಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್. ಮದುವೆಗೆ ಐವತ್ತೇ ಜನ ಅಂತ ಆಯಿತು. ಐವತ್ತು ಜನರ ಮದುವೆಗೆ ಡ್ರೋನ್ ಯಾಕೆ?

ಆಗ ಆರ್‌ಬಿಐ ಕಂತಿಗೆ ರಜೆ ಕೊಟ್ಟಿತು, ಮಾರ್ಚ್‌ನಿಂದ ಆಗಸ್ಟ್ ತನಕ ಆರು ತಿಂಗಳು. ನಾವು ತೆಗೆದುಕೊಂಡೆವು, ಬೇರೆ ದಾರಿ ಇರಲಿಲ್ಲ. ಆದರೆ ರಜೆ ಕಂತಿಗೆ, ಬಡ್ಡಿಗಲ್ಲ. ನೂರಕ್ಕೆ 14ರ ಬಡ್ಡಿಯಲ್ಲಿ ನಾಲ್ಕು ಲಕ್ಷಕ್ಕೆ ಆರು ತಿಂಗಳಿಗೆ ಸುಮಾರು 28 ಸಾವಿರ. ಅದು ಅಸಲಿಗೆ ಸೇರಿತು, ಆಮೇಲೆ ಅದರ ಮೇಲೂ ಬಡ್ಡಿ. ಸರ್ಕಾರ ಬಡ್ಡಿ ವಾಪಸ್ ಕೊಡುತ್ತಂತೆ ಅಂತ ಊರೆಲ್ಲ ಸುದ್ದಿಯಾಯಿತಲ್ಲ, ಅವರು ಕೊಟ್ಟದ್ದು ಬಡ್ಡಿಯ ಮೇಲಿನ ಬಡ್ಡಿಯನ್ನು ಮಾತ್ರ. ನಮ್ಮ ಖಾತೆಗೆ ಬಂದದ್ದು ಸಾವಿರದ ಒಳಗೆ. ಕೊಡಲಿಲ್ಲ ಅಂತ ದೂರುತ್ತಿಲ್ಲ. ನಾಳೆ ನಿನಗೆ ಯಾರಾದರೂ 'ಮೂರು ತಿಂಗಳು ಕಂತು ಕಟ್ಟಬೇಡಿ' ಅಂದರೆ, ಬಡ್ಡಿ ಓಡುತ್ತಾ ನಿಲ್ಲುತ್ತಾ ಅಂತ ಮೊದಲು ಕೇಳು.

ಆ ವರ್ಷ ನಿನಗೆ ಲೆಕ್ಕದ ಪುಸ್ತಕ ತೋರಿಸಿದ್ದು ಅಮ್ಮ. ಪಿಯುಸಿ ಓದುವ ಹುಡುಗಿಗೆ ಇದೆಲ್ಲ ಯಾಕೆ ಅಂತ ಅಜ್ಜಿ ಬೈದರು. ನನಗೂ ಮುಜುಗರ ಆಯಿತು. ಆದರೆ ಅಮ್ಮ ಹೇಳಿದ್ದೇ ಸರಿ. ಮಕ್ಕಳಿಗೆ ದುಡ್ಡಿಲ್ಲ ಅನ್ನೋದು ಹೇಗೂ ಗೊತ್ತಾಗುತ್ತೆ, ಎಷ್ಟಿಲ್ಲ ಅನ್ನೋದು ಗೊತ್ತಾಗದಿದ್ದರೆ ಹೆದರಿಕೆ ಜಾಸ್ತಿ. ನೀನು ಆಮೇಲೆ 'ಈ ತಿಂಗಳು ಎಷ್ಟು ಬಾಕಿ' ಅಂತ ಸುಮ್ನೆ ಮಾಮೂಲಿಯಾಗಿ ಕೇಳುತ್ತಿದ್ದೆ. ಫೀಸ್ ಕೇಳುವ ಮೊದಲು ಕ್ಯಾಲೆಂಡರ್ ನೋಡುತ್ತಿದ್ದೆ. ಅದು ನೋಡಿ ನನಗೆ ಬೇಜಾರೂ ಆಗುತ್ತಿತ್ತು, ನಿರಾಳವೂ ಆಗುತ್ತಿತ್ತು.

ಸಾಲದಲ್ಲಿ ಎಲ್ಲವೂ ಒಂದೇ ಅಲ್ಲ ಕಣಮ್ಮ. ಮೀಟರ್ ಬಡ್ಡಿಯವನು ಸಂಜೆಯೊಳಗೆ ಮನೆ ಬಾಗಿಲಿಗೆ ದುಡ್ಡು ತಂದುಕೊಡುತ್ತಾನೆ. ತಿಂಗಳಿಗೆ ನೂರಕ್ಕೆ ಹತ್ತು ಅಂದರೆ ವರ್ಷಕ್ಕೆ 120. ನಮ್ಮ ರಾಜ್ಯದಲ್ಲಿ ಲೈಸೆನ್ಸ್ ಇರುವ ಲೇವಾದೇವಿಯವರು ವರ್ಷಕ್ಕೆ ಅಡವಿದ್ದರೆ ನೂರಕ್ಕೆ 14, ಇಲ್ಲದಿದ್ದರೆ 16 ದಾಟುವಂತಿಲ್ಲ. ಮನೆಗೆ ಬಂದು ಹೆದರಿಸಿ ವಸೂಲಿ ಮಾಡುವವರ ಮೇಲೆ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೂ ತಂದರು, ಹತ್ತು ವರ್ಷದವರೆಗೆ ಜೈಲು. ಕಾನೂನು ಇದೆ ಅನ್ನುವುದು ಆಮೇಲಿನ ಮಾತು. ಆ ಬಾಗಿಲಿಗೆ ನಾವು ಹೋಗಲಿಲ್ಲ, ನೀನೂ ಹೋಗಬೇಡ. ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳಲ್ಲಿ ಎಷ್ಟೋ ಇದೇ ಜಾತಿಯವು.

ನಂಟರ ಹತ್ತಿರದ ಕೈಗಡಕ್ಕೆ ಬಡ್ಡಿ ಇಲ್ಲ ಅಂತಾರೆ. ನಾನು ಒಬ್ಬ ನೆಂಟರ ಹತ್ತಿರ ತಂದೆ, ಯಾರು ಅಂತ ನಿನಗೆ ಗೊತ್ತು. ಅವರ ಮನೆ ಗೃಹಪ್ರವೇಶ, ಮೊಮ್ಮಗುವಿನ ನಾಮಕರಣ, ಅವರ ಷಷ್ಟ್ಯಬ್ದಿ, ಎಲ್ಲಕ್ಕೂ ಕ್ಯಾಮೆರಾ ಹೊತ್ತುಕೊಂಡು ಹೋದೆ. ಆಲ್ಬಂ ಕೂಡ ಫ್ರೀ. ಕೂತು ಲೆಕ್ಕ ಹಾಕಿದರೆ ಬ್ಯಾಂಕೇ ಅಗ್ಗ ಅನಿಸುತ್ತೆ. ಒಳ್ಳೆಯವರೇ ಪಾಪ, ಆದರೆ ನಮಗೆ ಅಲ್ಲಿ ಊಟಕ್ಕೆ ಕೂತರೂ ಮುಳ್ಳು.

ನಮಗೆ ಒಗ್ಗಿದ್ದು ಬಂಗಾರದ ಸಾಲ. ಅಜ್ಜಿಗೆ ಅದು ಅಪಶಕುನ, ನನಗೆ ಅಲ್ಲ. ತಿಂಗಳ ಕಂತಿಲ್ಲದ ಬಂಗಾರದ ಸಾಲವೂ ಇದೆ. ವರ್ಷದೊಳಗೆ ಯಾವಾಗ ಬೇಕಾದರೂ ಅಸಲು, ಬಡ್ಡಿ ಸೇರಿಸಿ ಕಟ್ಟಿ ಬಿಡಿಸಿಕೊಳ್ಳಬಹುದು. ಆಷಾಢದಲ್ಲಿ ಇಡು, ಮಾಘದ ಮದುವೆಗಳು ಮುಗಿದ ಮೇಲೆ ಬಿಡಿಸು. ನಮ್ಮ ದುಡಿಮೆಯ ತಾರೀಖಿಗೆ ಹೊಂದುವ ಸಾಲ ನನಗೆ ಕಂಡದ್ದು ಅದೊಂದೇ. ಬಂಗಾರದ ಬೆಲೆಯ ನೂರಕ್ಕೆ 75ರಷ್ಟು ಕೊಡುತ್ತಿದ್ದರು. ಎರಡೂವರೆ ಲಕ್ಷದವರೆಗಿನ ಸಾಲಕ್ಕೆ 85ರ ತನಕ ಕೊಡಬಹುದು ಅಂತ 2025ರ ಜೂನ್‌ನಲ್ಲಿ ಆರ್‌ಬಿಐ ಹೇಳಿದೆ. ಕೊಡುತ್ತಾರೆ ಅಂತ ಅಷ್ಟೂ ತರಬೇಡ ಅನ್ನುವುದು ಅಮ್ಮನ ರೂಲು. ಸರ ಅವಳದು, ರೂಲೂ ಅವಳದೇ.

ಕ್ರೆಡಿಟ್ ಕಾರ್ಡಿನ ಬಗ್ಗೆ ನಿನಗೆ ನನಗಿಂತ ಜಾಸ್ತಿ ಗೊತ್ತಿರಬಹುದು. ಆದರೂ ಹೇಳುತ್ತೇನೆ. ಬಿಲ್ಲಿನಲ್ಲಿ 'ಮಿನಿಮಮ್ ಡ್ಯೂ' ಅಂತ ಚಿಕ್ಕ ಮೊತ್ತ ಇರುತ್ತಲ್ಲ, ಅಷ್ಟು ಮಾತ್ರ ಕಟ್ಟಿದರೆ ಉಳಿದದ್ದಕ್ಕೆ ಎಷ್ಟೋ ಕಾರ್ಡುಗಳಲ್ಲಿ ತಿಂಗಳಿಗೆ ನೂರಕ್ಕೆ ಮೂರು, ಮೂರೂವರೆ ಬಡ್ಡಿ. ಆ ತಿಂಗಳು ಹೊಸದಾಗಿ ಕೊಂಡದ್ದಕ್ಕೂ ಬಡ್ಡಿ ಇಲ್ಲದ ದಿನಗಳು ಹೋಗುತ್ತವೆ, ಕೊಂಡ ದಿನದಿಂದಲೇ ಮೀಟರ್. ಸಂಬಳದವರು ಮುಂದಿನ ತಿಂಗಳು ಸರಿ ಮಾಡಿಕೊಂಡಾರು. ಮುಂದಿನ ತಿಂಗಳು ಎಷ್ಟು ಬರುತ್ತೆ ಅಂತ ಗೊತ್ತಿಲ್ಲದ ನಮಗೆ ಅದು ಆಗದ ವ್ಯವಹಾರ.

ದುಡ್ಡು ಕೇಳುವುದನ್ನು ಕಲಿ. ನಾನು ಈಗ ಬುಕಿಂಗ್‌ಗೆ ಮೂರರಲ್ಲಿ ಒಂದು ಪಾಲು, ಮದುವೆ ದಿನ ಇನ್ನೊಂದು, ಆಲ್ಬಂ ಪ್ರಿಂಟಿಗೆ ಹೋಗುವ ಮುಂಚೆ ಕೊನೇದು ತೆಗೆದುಕೊಳ್ಳುತ್ತೇನೆ. ಮದುವೆ ದಿನದ್ದನ್ನು ಕೇಳುವ ಹೊತ್ತು ಕೂಡ ಇದೆ: ಸಂಜೆ ಮುಯ್ಯಿ ಎಣಿಸಿ ಮುಗಿಸುವ ಹೊತ್ತು. ಮಾರನೇ ದಿನ ಕೇಳಿದರೆ ಪೆಂಡಾಲಿನವರು, ಅಡುಗೆಯವರು, ಓಲಗದವರು ಎಲ್ಲರ ಹಿಂದೆ ನಿಲ್ಲಬೇಕು. ನಿನಗೆ ಮುಯ್ಯಿ ಇಲ್ಲ, ಆದರೆ ಫೈನಲ್ ಫೈಲ್ ನಿನ್ನ ಕೈಯಲ್ಲಿರುತ್ತಲ್ಲ, ಅಷ್ಟು ಹೊತ್ತೇ ನಿನ್ನ ಮಾತಿಗೆ ಬೆಲೆ.

ಕಂಪನಿಗಳಿಗೆ ಕೆಲಸ ಮಾಡುವುದಾದರೆ ಮೊದಲೇ ಸಣ್ಣ ಉದ್ದಿಮೆಗಳಿಗೆ ಇರುವ ಸರ್ಕಾರದ 'ಉದ್ಯಮ್' ನೋಂದಣಿ ಮಾಡಿಸಿಕೋ. ಖರ್ಚಿಲ್ಲ, ಆಧಾರ್, ಪ್ಯಾನ್ ಸಾಕು. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಬರಹದಲ್ಲಿ ಒಪ್ಪಂದ ಇದ್ದರೂ 45 ದಿನಕ್ಕಿಂತ ತಡ ಮಾಡುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ಆರ್‌ಬಿಐ ಹೇಳುವ ಬ್ಯಾಂಕ್ ರೇಟಿನ ಮೂರರಷ್ಟು ಚಕ್ರಬಡ್ಡಿ. ಯಾರೂ ಕ್ಲೈಂಟ್ ಮೇಲೆ ದೂರು ಕೊಟ್ಟುಕೊಂಡು ಬದುಕುವುದಿಲ್ಲ ಬಿಡು. ಆದರೆ ಇನ್‌ವಾಯ್ಸ್ ಮೇಲೆ ಆ ನಂಬರ್ ಇದ್ದರೆ ಅಕೌಂಟ್ಸ್‌ನವರು ಸ್ವಲ್ಪ ಬೇಗ ಕಣ್ಣು ಬಿಡುತ್ತಾರೆ. ಯಾಕೆಂದರೆ ಗಡುವು ಮೀರಿದರೆ, ನಿಜವಾಗಿ ಕೊಡುವ ತನಕ ಅದನ್ನು ಅವರು ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ತೋರಿಸುವಂತಿಲ್ಲ. ದುಡ್ಡು ಕೊಡುವಾಗಲೇ ತೆರಿಗೆಗೆ, ಟಿಡಿಎಸ್ ಅಂತ ನೂರಕ್ಕೆ ಹತ್ತು ಹಿಡಿದುಕೊಂಡರೆ ಅದು ಹೋಯಿತು ಅಂದುಕೊಳ್ಳಬೇಡ. ರಿಟರ್ನ್ ಹಾಕು, ತೆರಿಗೆ ಅಷ್ಟು ಬರದಿದ್ದರೆ ಮಿಕ್ಕದ್ದು ವಾಪಸ್ ಬರುತ್ತೆ. ಎರಡು ಮೂರು ವರ್ಷದ ರಿಟರ್ನ್ ಕೈಯಲ್ಲಿದ್ದರೆ ಮುಂದೆ ಬ್ಯಾಂಕಿನಲ್ಲಿ ಸಂಬಳದ ಚೀಟಿ ಕೇಳಿದಾಗ ತೋರಿಸೋಕೆ ಏನಾದರೂ ಇರುತ್ತೆ.

ಬರುವ ದುಡ್ಡೆಲ್ಲ ಒಂದು ಖಾತೆಗೆ ಬರಲಿ, ಅದರ ಕಾರ್ಡು ಪರ್ಸಿನಲ್ಲಿ ಬೇಡ, ಯುಪಿಐಗೂ ಜೋಡಿಸಬೇಡ. ಅಲ್ಲಿಂದ ಒಂದನೇ ತಾರೀಖಿಗೆ ನಿನಗೆ ನೀನೇ ಸಂಬಳ ಹಾಕಿಕೋ. ಎಷ್ಟು ಅಂತ ಒಳ್ಳೇ ತಿಂಗಳು ನೋಡಿ ಲೆಕ್ಕ ಮಾಡಬೇಡ, ಕೆಟ್ಟ ತಿಂಗಳು ನೋಡಿ ಮಾಡು. ನಮ್ಮ ಮನೆಯಲ್ಲಿ ಸೀಸನ್ ದುಡ್ಡು ಬಂದ ಕೂಡಲೇ ಅಮ್ಮ ಅದನ್ನು ಆಷಾಢ, ಪಿತೃಪಕ್ಷ, ಧನುರ್ಮಾಸ ಅಂತ ಭಾಗ ಮಾಡಿಡುತ್ತಾಳೆ. ಉಳಿದದ್ದಷ್ಟೇ ನಮ್ಮದು.

ಲ್ಯಾಪ್‌ಟಾಪ್ ಕಂತಿನಲ್ಲಿ ಬೇಡ. ಸದ್ಯಕ್ಕೆ ಸೆಕೆಂಡ್ ಹ್ಯಾಂಡ್ ತಗೋ, ಆ ನಲವತ್ತು ಸಾವಿರ ಮುಟ್ಟಬೇಡ. ರಾಜೀನಾಮೆ ಕೊಡುವ ಮೊದಲು ಹೆಲ್ತ್ ಇನ್ಶೂರೆನ್ಸ್ ಸ್ವಂತದ್ದು ಮಾಡಿಸು, ಕಂಪನಿಯದು ಕೆಲಸದ ಜೊತೆಗೇ ಹೋಗುತ್ತೆ. ಹೊಸ ಪಾಲಿಸಿಯಲ್ಲಿ ಮೊದಲ ತಿಂಗಳು ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಸಾಮಾನ್ಯವಾಗಿ ಕೊಡುವುದಿಲ್ಲ, ಅದನ್ನೂ ಲೆಕ್ಕಕ್ಕೆ ತಗೋ.

ಕೆಲಸ ಬಿಡುವುದಕ್ಕೆ ನಾನು ಬೇಡ ಅನ್ನುವುದಿಲ್ಲ. ಹೇಗೆ ಅನ್ನಲಿ, ನಾನೇ ಒಂದು ದಿನವೂ ಸಂಬಳಕ್ಕೆ ದುಡಿದವನಲ್ಲ. ಅಮ್ಮ ಮಾತ್ರ ಒಪ್ಪಿಲ್ಲ, ಮನೆಗೊಬ್ಬರು ಇಂಥವರು ಸಾಕು ಅಂತಾಳೆ. ಅವಳ ಹತ್ತಿರ ನೀನೇ ಮಾತಾಡು. ಭಾನುವಾರ ಬೇಡ, ಯೂನಿಫಾರಂ ಡೆಲಿವರಿ ಇದೆ, ಫೋನ್ ಎತ್ತಿದರೂ ಬೈಗುಳವೇ. ಬುಧವಾರ ಸಂಜೆ ಮಾಡು. ಎಷ್ಟು ಕ್ಲೈಂಟ್, ಯಾರು ಎಷ್ಟು ಅಡ್ವಾನ್ಸ್ ಕೊಟ್ಟಿದ್ದಾರೆ, ಎಷ್ಟು ತಿಂಗಳ ಖರ್ಚು ಕೈಯಲ್ಲಿದೆ ಅಂತ ಬರೆದಿಟ್ಟುಕೊಂಡು ಮಾಡು. ಅವಳು ಕೇಳುವುದು ಅದನ್ನೇ.

ನಿನ್ನ ಅಪ್ಪ