ನ್ಯೂಕ್ಯಾಸಲ್‌ಗೆ ಹೊರಟಿರುವ ಕಾವ್ಯಳಿಗೆ: ಅಲ್ಲಿನವರ ಇಂಗ್ಲಿಷು, ನಿನ್ನ ಇಂಗ್ಲಿಷು

ಚಿ. ಕಾವ್ಯಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಕೇಳುವುದಕ್ಕೂ ಮಾತಿಗೂ ನರ್ಸುಗಳಿಗೆ ಬೇಕಾದ 7 ಅಂಕ ನಿನಗೆ ಬಂದಿದೆ. ಆದರೂ ವಾರ್ಡಿನಲ್ಲಿ ಮೊದಲ ವಾರ ಎಂಬತ್ತು ದಾಟಿದ ಯಾರೋ ಅಜ್ಜ ಬಾಯಿ ತೆರೆದರೆ ಅರ್ಧ ಮಾತು ನಿನಗೆ ತಿಳಿಯದೇ ಹೋಗಬಹುದು. ಆಗ ನಿನ್ನ ಇಂಗ್ಲಿಷ್ ಸಾಲದು ಎಂದು ಕುಗ್ಗಬೇಡ, ಅವರ ಇಂಗ್ಲಿಷ್ ಕೆಟ್ಟದ್ದು ಎಂದೂ ತಿಳಿಯಬೇಡ. ಅದು ಜಾರ್ಡಿ, ಅಂದರೆ ಇಂಗ್ಲೆಂಡಿನ ಈಶಾನ್ಯದಲ್ಲಿರುವ ನ್ಯೂಕ್ಯಾಸಲ್ ಸುತ್ತಿನವರ ಮಾತು. ಟೈನ್ ನದಿಯ ದಡದಲ್ಲಿ ಕಲ್ಲಿದ್ದಲು ಅಗೆದವರು, ಹಡಗು ಕಟ್ಟಿದವರು ತಲೆಮಾರುಗಳಿಂದ ಆಡಿಕೊಂಡು ಬಂದ ಮಾತು. ಅದಕ್ಕೂ ನಿಯಮಗಳಿವೆ. ಆ ನಿಯಮ ಗೊತ್ತಾದರೆ ಕಿವಿ ಬೇಗ ಪಳಗುತ್ತದೆ.

ಮೊದಲು ಸ್ವರಗಳನ್ನು ಹಿಡಿದುಕೋ. ಉತ್ತರ ಇಂಗ್ಲೆಂಡಿನ ಉದ್ದಕ್ಕೂ ‘ಬಸ್’ ಎಂಬುದು ‘ಬುಸ್’ಗೆ ಹತ್ತಿರ, ‘ಬ್ಲಡ್’ ಎಂಬುದು ‘ಬ್ಲುಡ್’ಗೆ ಹತ್ತಿರ ಕೇಳುತ್ತದೆ. ‘ಗ್ಲಾಸ್’, ‘ಬಾತ್’ ಪದಗಳಲ್ಲಿ ದಕ್ಷಿಣದವರು ಎಳೆಯುವ ‘ಆ’ ಅಲ್ಲಿ ಮೊಟಕಾಗುತ್ತದೆ. ಪದದ ಕೊನೆಯ ‘ಅರ್’ ನ್ಯೂಕ್ಯಾಸಲ್‌ನಲ್ಲಿ ಬಾಯಿ ತೆರೆದ ‘ಅ’ ಆಗುತ್ತದೆ. ಹಳಬರು ‘ಟೌನ್’ ಅನ್ನು ‘ಟೂನ್’ ಎನ್ನುತ್ತಾರೆ, ‘ಡೌನ್’ ಅನ್ನು ‘ಡೂನ್’. ಊರಿನ ಫುಟ್‌ಬಾಲ್ ತಂಡಕ್ಕೂ ‘ಟೂನ್’ ಎಂದೇ ಪ್ರೀತಿಯ ಹೆಸರು.

ನಿನ್ನ ಕೆಲಸದಲ್ಲಿ ನಿಜವಾಗಿ ತೊಡಕು ತರುವುದು ಬೇರೊಂದಿದೆ. ಹಳೇ ಜಾರ್ಡಿಯಲ್ಲಿ ‘ವರ್ಕ್’ ಎಂಬುದು ‘ವೋಕ್’ ಎಂದು ಕೇಳುತ್ತದೆ. ಉಳಿದ ಇಂಗ್ಲೆಂಡಿನಲ್ಲಿ ನಡೆಯುವುದಕ್ಕೆ ಹೇಳುವ ಪದದ ಉಚ್ಚಾರವೂ ಹೆಚ್ಚುಕಡಿಮೆ ಅದೇ. ನಡೆಯುವುದಕ್ಕೆ ಆ ಅಜ್ಜ ಹೇಳುವುದು ನಮ್ಮವರ ಹಾಗೆ ‘ವಾಕ್’. ಆದ್ದರಿಂದ ಎರಡು ತಿಂಗಳಿಂದ ‘ವೋಕ್’ ಆಗುತ್ತಿಲ್ಲ ಎಂದರೆ ಕಾಲು ಬಿದ್ದುಹೋಗಿದೆ ಎಂದು ಬರೆದುಕೊಳ್ಳಬೇಡ. ನಡೆಯುವುದೋ, ಕೆಲಸಕ್ಕೆ ಹೋಗುವುದೋ ಎಂದು ಕಾಲಿನ ಕಡೆ ಕೈ ತೋರಿಸಿ ಕೇಳು, ಆಮೇಲೆ ಬರೆ. ಇದೇ ನಿಯಮದಿಂದ ‘ಶರ್ಟ್’ ‘ಶೋಟ್’ ಆಗುತ್ತದೆ, ‘ನರ್ಸ್’ ‘ನೋಸ್’ ಆಗುತ್ತದೆ. ಕರೆಯುತ್ತಿರುವುದು ನಿನ್ನನ್ನೇ. ಈಗಿನ ಹುಡುಗರಲ್ಲಿ ಈ ಉಚ್ಚಾರ ಕಡಿಮೆ, ಆದರೆ ವಾರ್ಡಿನಲ್ಲಿ ಮಲಗಿರುವವರು ಹೆಚ್ಚಾಗಿ ವಯಸ್ಸಾದವರೇ ಅಲ್ಲವೇ?

ರಾಗವನ್ನೂ ಗಮನಿಸು. ಜಾರ್ಡಿಯಲ್ಲಿ ಸಾದಾ ಹೇಳಿಕೆಯ ಕೊನೆಯೂ ಎಷ್ಟೋ ಸಲ ಮೇಲಕ್ಕೇರುತ್ತದೆ. ನಮ್ಮ ಕಿವಿಗೆ ಅದು ಪ್ರಶ್ನೆಯ ಹಾಗೆ ಕೇಳುತ್ತದೆ. ‘ಮಾತ್ರೆ ತಗೊಂಡೆ’ ಎಂದು ರೋಗಿ ಹೇಳಿದ್ದನ್ನು ‘ಮಾತ್ರೆ ತಗೊಂಡೆನಾ?’ ಎಂದು ಕೇಳಿದಂತೆ ತಿಳಿದರೆ ಅನಾಹುತ. ಚಾರ್ಟ್ ನೋಡಿಯೇ ಮುಂದುವರಿ.

ಕೆಲವು ಪದಗಳು ಮೊದಲ ದಿನದಿಂದಲೇ ಬೇಕಾಗುತ್ತವೆ. ‘ಗ್ಯಾನ್’ ಎಂದರೆ ಹೋಗು. ಇದು ‘ಗೋ’ ಕೆಟ್ಟು ಆದದ್ದಲ್ಲ, ಹಳೇ ಇಂಗ್ಲಿಷಿನ ಕಾಲದಿಂದ ಅಲ್ಲಿ ಉಳಿದುಕೊಂಡದ್ದು. ‘ಬೇರ್ನ್’ ಮಗು. ‘ನೆಟಿ’ ಪಾಯಿಖಾನೆ, ವಯಸ್ಸಾದವರು ಹೇಳಿದರೆ ತಡಮಾಡಬೇಡ. ‘ಲಗ್’ ಕಿವಿ. ‘ಫೆಮರ್’ ಎಂದರೆ ನಿಶ್ಶಕ್ತಿ. ತೊಡೆಯ ಎಲುಬಿನ ಹೆಸರೆಂದು ಭ್ರಮಿಸೀಯೆ! ‘ಕ್ಯಾನಿ’ ಎಂದರೆ ಚೆನ್ನಾಗಿದೆ, ಪರವಾಗಿಲ್ಲ. ಒಬ್ಬರೇ ಇದ್ದರೂ ‘ನನಗೆ ಕೊಡು’ ಎನ್ನಲು ‘ಅಸ್’ ಎಂದೇ ಹೇಳುತ್ತಾರೆ. ನಿನ್ನನ್ನು ‘ಪೆಟ್’, ‘ಹಿನಿ’ ಎಂದು ಕರೆದರೆ ಸಿಟ್ಟಾಗಬೇಡ, ಅದು ನಮ್ಮ ‘ಕಂದಾ’, ‘ತಾಯೀ’ ಇದ್ದ ಹಾಗೆ. ಇನ್ನೊಂದನ್ನು ಮರೆಯಲೇಬೇಡ: ಉತ್ತರದ ಬಹುಪಾಲು ಮನೆಗಳಲ್ಲಿ ‘ಡಿನ್ನರ್’ ಎಂದರೆ ಮಧ್ಯಾಹ್ನದ ಊಟ, ‘ಟೀ’ ಎಂದರೆ ಸಂಜೆಯ ಊಟ. ಡಿಸ್ಚಾರ್ಜ್ ಮಾಡುವಾಗ ‘ಡಿನ್ನರ್ ಆದಮೇಲೆ ಒಂದು ಮಾತ್ರೆ’ ಎನ್ನಬೇಡ. ಮಧ್ಯಾಹ್ನ 1 ಗಂಟೆ, ಸಂಜೆ 6 ಗಂಟೆ ಎಂದು ಹೊತ್ತು ಹೇಳಿಬಿಡು.

ಅರ್ಥವಾಗದಿದ್ದರೆ ಬರೀ ‘ಪಾರ್ಡನ್’ ಎನ್ನುತ್ತಾ ಹೋದರೆ ಅವರು ಅದನ್ನೇ ಅದೇ ವೇಗದಲ್ಲಿ, ಇನ್ನೂ ಗಟ್ಟಿಯಾಗಿ ಹೇಳುತ್ತಾರೆ. ಅರ್ಥವಾದಷ್ಟನ್ನು ತಿರುಗಿ ಹೇಳಿ ಬಿಟ್ಟುಹೋದದ್ದನ್ನು ಮಾತ್ರ ಕೇಳು: ‘ನೋವು ಎಡಗಾಲಿನಲ್ಲಿ ಎಂದಿರಿ, ಯಾವಾಗಿನಿಂದ ಎಂದಿರಿ?’ ತಿಳಿಯದೆ ತಲೆಯಾಡಿಸುವುದು ಮಾತ್ರ ಬೇಡವೇ ಬೇಡ. ಅಷ್ಟಕ್ಕೂ ನಾವು ತಲೆ ಆಡಿಸುವ ರೀತಿ ಅವರಿಗೆ ಹೌದೋ ಅಲ್ಲವೋ ತಿಳಿಯುವುದಿಲ್ಲ. ಬಾಯಿಬಿಟ್ಟು ಹೇಳು.

ಈಗ ಹೆಮ್ಮೆ, ಹೀಯಾಳಿಕೆಯ ವಿಚಾರ. ಜಾರ್ಡಿಗಳು ಸ್ನೇಹಜೀವಿಗಳು, ಆದರೆ ಓದಿದವರಲ್ಲ, ಕುಡುಕರು ಎಂದು ನಿನಗೆ ಲಂಡನ್ನಿನಲ್ಲಿರುವ ನಮ್ಮವರೇ ಹೇಳಿಯಾರು. ನಂಬಬೇಡ. ನ್ಯೂಕ್ಯಾಸಲ್ ಪಕ್ಕದ ವೈಲಂ ಹಳ್ಳಿಯಲ್ಲಿ 1781ರಲ್ಲಿ ಹುಟ್ಟಿದ ರೈಲು ಎಂಜಿನಿಯರ್ ಜಾರ್ಜ್ ಸ್ಟೀಫನ್ಸನ್ 1825ರಲ್ಲಿ ಪಾರ್ಲಿಮೆಂಟಿನ ಸಮಿತಿಯೆದುರು ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲುಮಾರ್ಗದ ಪರವಾಗಿ ಸಾಕ್ಷಿ ಹೇಳಲು ನಿಂತಾಗ ಅವನ ಉಚ್ಚಾರವೂ ನಗೆಗೀಡಾಯಿತು. ಆ ವರ್ಷ ಮಸೂದೆ ಬಿದ್ದುಹೋಯಿತು. ಮರುವರ್ಷ ಒಪ್ಪಿಗೆ ಸಿಕ್ಕಿತು, 1830ರಲ್ಲಿ ರೈಲು ಓಡಿತು. 1941ರಲ್ಲಿ ಯಾರ್ಕ್‌ಷೈರಿನ ವಿಲ್ಫ್ರೆಡ್ ಪಿಕಲ್ಸ್ ತಮ್ಮ ಊರಿನ ಉಚ್ಚಾರದಲ್ಲೇ ಬಿಬಿಸಿ ವಾರ್ತೆ ಓದಿದಾಗಲೂ ದೂರುಗಳು ಬಂದವು.

ಬರ್ಮಿಂಗ್‌ಹ್ಯಾಮ್‌ನವರ ಪಾಡು ಇನ್ನೂ ಕಷ್ಟ. 1970ರ ದಶಕದಿಂದ ಎಷ್ಟೋ ಸಮೀಕ್ಷೆಗಳಲ್ಲಿ ಅವರ ಉಚ್ಚಾರಕ್ಕೆ ತಳದ ಸ್ಥಾನ. ಪೊಲೀಸರಿಗೂ ಶಂಕಿತನಿಗೂ ನಡೆದ ಮಾತುಕತೆಯ ಧ್ವನಿಮುದ್ರಣ ಕೇಳಿಸಿದ 2002ರ ಒಂದು ಅಧ್ಯಯನದಲ್ಲಿ, ಶಂಕಿತ ಬರ್ಮಿಂಗ್‌ಹ್ಯಾಮ್ ಉಚ್ಚಾರದಲ್ಲಿ ಮಾತಾಡಿದರೆ ಕೇಳುಗರು ಅವನನ್ನು ಹೆಚ್ಚು ತಪ್ಪಿತಸ್ಥನೆಂದು ಎಣಿಸಿದರು. ಆದರೆ ಆ ಊರುಗಳ ಪರಿಚಯವೇ ಇಲ್ಲದ ಹೊರದೇಶದವರಿಗೆ ಬ್ರಿಟನ್ನಿನ ಉಚ್ಚಾರಗಳನ್ನು ಕೇಳಿಸಿದಾಗ ಬ್ರಿಟಿಷರ ಈ ಮೇಲುಕೀಳಿನ ಕ್ರಮ ಕಾಣಲಿಲ್ಲ ಎಂದು ಭಾಷೆಯ ಸಂಶೋಧಕರಾದ ಪೀಟರ್ ಟ್ರಡ್ಗಿಲ್, ಹೋವರ್ಡ್ ಗೈಲ್ಸ್ ತೋರಿಸಿದರು. ನನಗೆ ಇದು ಬಹಳ ದೊಡ್ಡ ಮಾತು. ಕಾರ್ಖಾನೆಯ ಹೊಗೆ, ಬಡತನ, ವರ್ಗ ಇವನ್ನೆಲ್ಲ ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಆಮೇಲೆ ಉಚ್ಚಾರವೇ ಕೊಳಕು ಎನ್ನುತ್ತಾರೆ.

ನಮ್ಮಲ್ಲಿ ‘ಹಾಲು’ ಎನ್ನಲು ‘ಆಲು’ ಎಂದವರನ್ನು ಆಡಿಕೊಳ್ಳುವುದಿಲ್ಲವೇ? ಲಂಡನ್ನಿನ ದುಡಿಯುವ ಜನ, ಲಿವರ್‌ಪೂಲಿನವರು, ಬರ್ಮಿಂಗ್‌ಹ್ಯಾಮ್‌ನವರು ‘ಹೌಸ್’ ಅನ್ನು ‘ಔಸ್’ ಎಂದರೆ ಅಲ್ಲೂ ಅದೇ ನಗು. ಆದರೆ ನ್ಯೂಕ್ಯಾಸಲ್‌ನವರು ಹಕಾರವನ್ನು ಬಿಡುವವರಲ್ಲ, ಆದರೂ ಅವರ ಮಾತನ್ನು ಯಾರೂ ಶುದ್ಧ ಎನ್ನಲಿಲ್ಲ. ಹಕಾರ ಇದ್ದರೂ ಬಿಟ್ಟರೂ ನಗುವವರಿಗೆ ಕಾರಣ ಸಿಗುತ್ತದೆ.

ಹೆಮ್ಮೆಯ ಸೂಕ್ಷ್ಮವೂ ಗೊತ್ತಿರಲಿ. ಸಂಡರ್‌ಲ್ಯಾಂಡ್ ಅಲ್ಲಿಂದ ಸುಮಾರು 19 ಕಿಲೋಮೀಟರ್, ಅಷ್ಟೇ. ಅಲ್ಲಿನವರು ಮ್ಯಾಕೆಮ್‌ಗಳು. ಅವರನ್ನು ‘ಜಾರ್ಡಿ’ ಎಂದರೆ ನಿಜವಾಗಿ ನೊಂದುಕೊಳ್ಳುತ್ತಾರೆ. ‘ಬಾ, ನಡಿ’ ಎನ್ನಲು ಇವರು ‘ಹೌವೇ’ ಎಂದರೆ ಅವರು ‘ಹಾವೇ’. ಯಾವ ಊರು ಎಂದು ಕೇಳಿಯೇ ಮಾತು ಬೆಳೆಸು. ಅವರ ಉಚ್ಚಾರವನ್ನು ಅನುಕರಿಸಿ ತೋರಿಸಲು ಹೋಗಬೇಡ; ಪ್ರೀತಿಯಿಂದ ಮಾಡಿದರೂ ಅಣಕದಂತೆ ಕೇಳುತ್ತದೆ. ಒಂದೆರಡು ಪದ ತಾನಾಗಿ ನಾಲಗೆಗೆ ಹತ್ತಿದರೆ ಅದು ಬೇರೆ.

ನಿನ್ನ ಕನ್ನಡದ ಉಚ್ಚಾರವನ್ನು ಕಳೆದುಕೊಳ್ಳಬೇಕಿಲ್ಲ. ಅರ್ಥ ಕೆಡಿಸುವ ನಾಲ್ಕು ಕಡೆ ಮಾತ್ರ ತಿದ್ದಿಕೋ. ನಮ್ಮ ‘ವ’ ಒಂದೇ, ಅವರಿಗೆ ಎರಡು: ‘ವೇನ್’ ಎಂದರೆ ರಕ್ತನಾಳ ಎನ್ನುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ‘ವಾರ್ಡ್’ ಎನ್ನುವಾಗ ಹಲ್ಲು ತಾಗದೆ ತುಟಿ ದುಂಡಗಾಗಬೇಕು. ‘ಎಕ್ಸ್‌ರೇ’ಗೆ ‘ಯ’ ಸೇರಿಸಬೇಡ, ‘ಓನ್ಲಿ’ಗೆ ‘ವ’ ಸೇರಿಸಬೇಡ. ನಾವು ಎಲ್ಲ ಅಕ್ಷರಕ್ಕೂ ಒಂದೇ ತೂಕ ಕೊಡುತ್ತೇವೆ, ಅವರ ಕಿವಿ ಒತ್ತನ್ನು ಹುಡುಕುತ್ತದೆ: ‘ಪ್ಯಾರಸೀಟಮಾಲ್’ನಲ್ಲಿ ‘ಸೀ’ ಮೇಲೆ ಒತ್ತು. 13 ಮತ್ತು 30, 15 ಮತ್ತು 50 ಗೊಂದಲವಾಗುವ ಜೋಡಿಗಳು. ಡೋಸ್ ಹೇಳುವಾಗ ‘ಫಿಫ್ಟೀನ್, ಒನ್ ಫೈವ್’ ಎಂದು ಅಂಕಿ ಬಿಡಿಸಿ ಹೇಳು, ಎದುರಿನವರಿಂದಲೂ ಹಾಗೆಯೇ ಹೇಳಿಸು.

ಯಾರಾದರೂ ನಿನ್ನ ಮಾತನ್ನೇ ಹಂಗಿಸಿದರೆ? 2010ರ ಸಮಾನತೆಯ ಕಾಯಿದೆ ಹೆಸರಿಸುವ 9 ಲಕ್ಷಣಗಳಲ್ಲಿ ಉಚ್ಚಾರ ಇಲ್ಲ. ಆದರೆ ಜನಾಂಗ, ರಾಷ್ಟ್ರೀಯ ಮೂಲ ಇವೆ. ಅದನ್ನು ಹಿಡಿದು ಉಚ್ಚಾರವನ್ನು ಅಣಕಿಸಿದರೆ ಕಿರುಕುಳದ ದೂರು ಕೊಡಬಹುದು. ದಿನಾಂಕ, ಹೊತ್ತು, ಆಡಿದ ಮಾತು, ಪಕ್ಕದಲ್ಲಿದ್ದವರು ಯಾರು, ಎಲ್ಲವನ್ನೂ ಅಂದೇ ಬರೆದಿಟ್ಟು ವಾರ್ಡ್ ಮ್ಯಾನೇಜರಿಗೆ ತಿಳಿಸು. ನರ್ಸುಗಳ ಯೂನಿಯನ್ನಿಗೆ ಸೇರುವುದನ್ನು ಮುಂದೂಡಬೇಡ.

ಹೊರಡುವ ತನಕ ದಿನಾ 20 ನಿಮಿಷ ಅಲ್ಲಿನ ಸ್ಥಳೀಯ ರೇಡಿಯೊ ಕೇಳು, ಅದರಲ್ಲೂ ಕೇಳುಗರು ಫೋನ್ ಮಾಡಿ ಮಾತಾಡುವ ಕಾರ್ಯಕ್ರಮ. ಒಂದು ನಿಮಿಷದ ತುಣುಕನ್ನು ಮೂರು ಸಲ ಕೇಳಿ ಕಿವಿಗೆ ಬಿದ್ದದ್ದನ್ನು ಕನ್ನಡ ಅಕ್ಷರದಲ್ಲೇ ಬರೆ. ‘ಬುಸ್’, ‘ಟೂನ್’ ಎಂದು ಬರೆಯಲು ನಮ್ಮ ಲಿಪಿ ಇಂಗ್ಲಿಷಿಗಿಂತ ಅನುಕೂಲ. ತಿಳಿಯದ ಪದಗಳನ್ನು ಪಟ್ಟಿ ಮಾಡಿ ಭಾನುವಾರ ಫೋನ್ ಮಾಡಿದಾಗ ಕೇಳು.

ನಿನ್ನ ಪ್ರೀತಿಯ,
ದೊಡ್ಡಮ್ಮ